ಆಕ್ಸಿಲರೇಟರ್ ಮೇಲೆ ನಮ್ಮ ಕಾಲೂ ಇದೆ

ಮೊದಲೇ ಒಪ್ಕೊಂಡುಬಿಡ್ತೀನಿ, ನನ್ನ ಹತ್ರ ಕಾರಿಲ್ಲ. ಮನೇಲಿ ಇರೋದು ಹನ್ನೊಂದು ವರ್ಷದ ಹಳೇ ಹ್ಯಾಚ್‌ಬ್ಯಾಕ್. ಅಪ್ಪ ಪಕ್ಕದಲ್ಲಿ ಕೂತಿದ್ರೆ ಮಾತ್ರ ಅದರ ಕೀ ನನ್ನ ಕೈಗೆ ಬರುತ್ತೆ. ಆದ್ರೂ ನಾನು ಮಸಲ್ ಕಾರ್ ಹುಚ್ಚ. ನಮ್ಮ ಹಾಸ್ಟೆಲ್‌ನಲ್ಲಿ ಇದೇ ಹುಚ್ಚಿನವರು ಇನ್ನೂ ಐದು ಜನ ಇದ್ದಾರೆ. ರಾತ್ರಿ ಮೆಸ್ ಊಟ ಆದ ಮೇಲೆ ಒಂದು ರೂಮಲ್ಲಿ ಸೇರ್ತೀವಿ. ಒಂದೇ ಲ್ಯಾಪ್‌ಟಾಪ್, ಆರು ತಲೆ. ಅಮೆರಿಕದ ಯಾವುದೋ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಒಂದು ಚಾಲೆಂಜರ್ ಹೊರಡೋಕೆ ಮುಂಚೆ ಹಿಂದಿನ ಟೈರ್ ಬಿಸಿ ಮಾಡ್ತಾ ಇದ್ರೆ ನಮ್ಮ ರೂಮಲ್ಲಿ ಪಿನ್ ಡ್ರಾಪ್ ಸೈಲೆನ್ಸ್. ಈ ಆರು ಜನರಲ್ಲಿ ಒಬ್ಬರೂ ಇವತ್ತಿನವರೆಗೆ ಒಂದು ಮಸಲ್ ಕಾರೊಳಗೆ ಕೂತಿಲ್ಲ.

"ನಿಮಗ್ಯಾಕ್ರೋ ಇದೆಲ್ಲ? ತಗೊಳ್ಳೋಕಾಗಲ್ಲ, ಓಡಿಸೋಕಾಗಲ್ಲ" ಅಂತ ಪಕ್ಕದ ರೂಮಿನವರು ಕೇಳ್ತಾನೇ ಇರ್ತಾರೆ. ಈ ಲೇಖನ ಅವರಿಗೆ ಉತ್ತರ. ಆದರೆ ಜಾಸ್ತಿ ಭಾಗ ನಮ್ಮಂಥವರಿಗೇ. ಯಾಕಂದ್ರೆ ಹೋದ ವರ್ಷ ನಡೆದ ಒಂದು ಘಟನೆ ಆದ ಮೇಲೆ ನನಗೆ ಒಂದು ವಿಷಯ ಖಚಿತ ಆಗಿದೆ. ಕಾರು ಇಷ್ಟಪಡುವ ಗುಂಪು ಬರೀ ಪ್ರೇಕ್ಷಕರ ಗುಂಪಲ್ಲ. ಸ್ಟೇರಿಂಗ್ ಒಬ್ಬನ ಕೈಲಿ ಇರಬಹುದು, ಆದರೆ ಆಕ್ಸಿಲರೇಟರ್ ಮೇಲೆ ನೋಡ್ತಾ ನಿಂತವರ ಕಾಲೂ ಇರುತ್ತೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಮಸಲ್ ಕಾರ್ ಅಂದ್ರೆ ಸರಳವಾಗಿ, ಸಾಧಾರಣ ಗಾತ್ರದ ಅಮೆರಿಕನ್ ಕಾರಿಗೆ ದೊಡ್ಡ ಕಾರಿನ ಇಂಜಿನ್ ಹಾಕಿ, ಹಿಂದಿನ ಚಕ್ರಕ್ಕೆ ಶಕ್ತಿ ಕೊಟ್ಟು, ಮಧ್ಯಮ ವರ್ಗದವರಿಗೂ ಎಟುಕುವ ಬೆಲೆಗೆ ಮಾರುವುದು. 1964ರಲ್ಲಿ ಪಾಂಟಿಯಾಕ್ ಕಂಪನಿಯ ಎಂಜಿನಿಯರುಗಳು ಟೆಂಪೆಸ್ಟ್ ಅನ್ನುವ ಸಾದಾ ಕಾರಿಗೆ 389 ಕ್ಯೂಬಿಕ್ ಇಂಚಿನ, ಅಂದ್ರೆ ಸುಮಾರು 6.4 ಲೀಟರಿನ ವಿ8 ಕೂರಿಸಿ ಜಿಟಿಓ ಅಂತ ಹೆಸರಿಟ್ಟರು. ಆ ಗಾತ್ರದ ಕಾರಿಗೆ ಅಷ್ಟು ದೊಡ್ಡ ಇಂಜಿನ್ ಹಾಕಬಾರದು ಅಂತ ಮಾತೃಸಂಸ್ಥೆ ಜನರಲ್ ಮೋಟರ್ಸ್‌ನಲ್ಲಿ ನಿಯಮ ಇತ್ತು. ಅವರು ಅದನ್ನ ಬೇರೆ ಮಾಡೆಲ್ ಅನ್ನಲಿಲ್ಲ, ಟೆಂಪೆಸ್ಟ್‌ಗೆ "ಆಪ್ಷನ್" ಅಂತ ತೋರಿಸಿ ನುಸುಳಿಸಿಬಿಟ್ಟರು. ಎಂಜಿನಿಯರಿಂಗ್ ಓದೋರಿಗೆ ಈ ಕಥೆ ಇಷ್ಟ ಆಗದೇ ಇರೋಕೆ ಸಾಧ್ಯಾನೇ ಇಲ್ಲ.

ಹತ್ತು ವರ್ಷದೊಳಗೆ ಆಟ ಮುಗೀತು. ಹೊಗೆ ನಿಯಮ ಬಿಗಿಯಾಯ್ತು, ಇನ್ಶೂರೆನ್ಸ್ ದುಬಾರಿ ಆಯ್ತು, 1973ರ ತೈಲ ಬಿಕ್ಕಟ್ಟು ಬಂತು. 1974ರ ಮಸ್ಟ್ಯಾಂಗ್‌ನಲ್ಲಿ ವಿ8 ಆಯ್ಕೆಯೇ ಇರಲಿಲ್ಲ. ಆಮೇಲೆ ಎಷ್ಟೋ ವರ್ಷ ಆದ ಮೇಲೆ ಎರಡನೇ ಇನ್ನಿಂಗ್ಸ್. 2005ರ ಮಸ್ಟ್ಯಾಂಗ್ ಅರವತ್ತರ ದಶಕದ ಮುಖ ಹೊತ್ತು ಬಂತು, 2008ರಲ್ಲಿ ಚಾಲೆಂಜರ್ ವಾಪಸ್ ಬಂತು, 2009ರಲ್ಲಿ ಕಮಾರೊ. ನಾವು ಆರು ಜನ ಹುಚ್ಚರಾಗಿದ್ದು ಈ ಎರಡನೇ ಇನ್ನಿಂಗ್ಸ್‌ಗೆ. ಅಲ್ಲಿಂದ ಅಂಕಿಗಳು ಹುಚ್ಚೆದ್ದು ಹೋದವು. ಹೆಲ್‌ಕ್ಯಾಟ್ 707 ಹಾರ್ಸ್‌ಪವರ್, 2018ರ ಡೀಮನ್ 840, ಕೊನೆಗೆ 2023ರ ಡೀಮನ್ 170 ಎಥನಾಲ್ ಮಿಶ್ರಿತ ಇ85 ಇಂಧನ ಹಾಕಿದರೆ 1025. ನಮ್ಮನೆ ಹ್ಯಾಚ್‌ಬ್ಯಾಕ್‌ನಂಥವು ಹನ್ನೆರಡು ಒಟ್ಟಿಗೆ ಎಳೆದರೂ ಅಷ್ಟು ಬರುತ್ತೋ ಇಲ್ವೋ.

ಆದರೆ ನಿಜ ಹೇಳ್ಬೇಕಂದ್ರೆ ಅಂಕಿ ಬೇಗ ಬೋರ್ ಆಗುತ್ತೆ. ಮಜಾ ಇರೋದು "ಯಾಕೆ" ಅನ್ನೋದರಲ್ಲಿ. ಅದು ಗೊತ್ತಾಗೋದು ಒಬ್ಬನೇ ಕೂತಾಗಲ್ಲ, ಪಕ್ಕದಲ್ಲಿ ಜಗಳ ಆಡೋಕೆ ಇನ್ನೊಬ್ಬ ಇದ್ದಾಗ.

ಉದಾಹರಣೆಗೆ ಆ ಸೌಂಡ್. ಅಮೆರಿಕನ್ ವಿ8 ಐಡಲ್‌ನಲ್ಲಿ ನಿಂತಾಗ "ಗುಡು... ಗುಡುಗುಡು... ಗುಡು" ಅಂತ ಕುಂಟ್ಕೊಂಡು ಬರೋ ಸದ್ದು ಯಾಕೆ? ನಮ್ಮ ಗುಂಪಲ್ಲಿ ಇದರ ಮೇಲೆ ಎರಡು ರಾತ್ರಿ ವಾದ ಆಯ್ತು. "ಸೈಲೆನ್ಸರ್ ಅಷ್ಟೇ ಗುರು" ಅಂತ ಒಬ್ಬ. ಮೆಕ್ಯಾನಿಕಲ್‌ನವನು ಪೆನ್ನು ಹಿಡಿದು ಬರೆದು ತೋರಿಸಿದ. ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ 720 ಡಿಗ್ರಿಗೆ ಎಂಟು ಸಿಲಿಂಡರ್ ಉರೀಬೇಕು, ಅಂದ್ರೆ 90 ಡಿಗ್ರಿಗೆ ಒಂದು. ಒಟ್ಟಾರೆ ನೋಡಿದ್ರೆ ಪಕ್ಕಾ ತಾಳ. ಆದರೆ ಕ್ರಾಸ್‌ಪ್ಲೇನ್ ಕ್ರ್ಯಾಂಕ್ ಇರೋದ್ರಿಂದ ಎಡ, ಬಲ ಸರದಿ ಪ್ರಕಾರ ಬರಲ್ಲ. ಒಂದು ಬದಿಯ ನಾಲ್ಕು ಸಿಲಿಂಡರ್ ಮಾತ್ರ ನೋಡಿದ್ರೆ ಅಂತರ 90, 180, 270, 180 ಹೀಗೆ ಏರುಪೇರು. ಆ ಬದಿಯ ಎಕ್ಸಾಸ್ಟ್ ಪೈಪಿಗೆ ಹೋಗೋದು ಈ ಕುಂಟು ತಾಳವೇ. ಫೆರಾರಿಯ ವಿ8 ಫ್ಲ್ಯಾಟ್‌ಪ್ಲೇನ್, ಅದರಲ್ಲಿ ಎಡ ಬಲ ಎಡ ಬಲ ಅಂತ ಸಮ. ಅದಕ್ಕೇ ಅದು ಗುಡುಗಲ್ಲ, ಕಿರುಚುತ್ತೆ. ಫೋರ್ಡ್ ಶೆಲ್ಬಿ ಜಿಟಿ350ರಲ್ಲಿ ಫ್ಲ್ಯಾಟ್‌ಪ್ಲೇನ್ ಹಾಕಿ 8250 ಆರ್‌ಪಿಎಂವರೆಗೆ ತಿರುಗೋ ಹಾಗೆ ಮಾಡಿದಾಗ, "ಇದು ಮಸಲ್ ಕಾರೇ ಅಲ್ಲ" ಅಂತ ಹಳಬರು ಮುಖ ಸಿಂಡರಿಸಿದ್ದೂ ಇದಕ್ಕೇ.

ಇಲೆಕ್ಟ್ರಾನಿಕ್ಸ್‌ನವನು ಸುಮ್ಮನಿರ್ತಾನಾ? ಒಂದು ರೆಕಾರ್ಡಿಂಗ್ ತಗೊಂಡು ಪೈಥಾನ್‌ನಲ್ಲಿ ಎಫ್‌ಎಫ್‌ಟಿ ಹಾಕಿದ. 800 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 53 ಸಲ ಉರಿಯುತ್ತೆ, ಅಲ್ಲೊಂದು ಶಿಖರ ಇರಬೇಕು. ಇತ್ತು. ಅದರ ಅಕ್ಕಪಕ್ಕ, ಕೆಳಗೆ, ಚಿಕ್ಕ ಚಿಕ್ಕ ಶಿಖರಗಳ ಸಾಲು. ಅದೇ ಆ "ಕುಂಟು". ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಕ್ಲಾಸಲ್ಲಿ ಒಂದು ಸೆಮಿಸ್ಟರ್ ಪೂರ್ತಿ ತಲೆಗೆ ಹೋಗದೇ ಇದ್ದದ್ದು ಆ ರಾತ್ರಿ ಹತ್ತು ನಿಮಿಷಕ್ಕೆ ಹೋಯ್ತು. ಪಕ್ಕದ ರೂಮಿನವರೇ, ನಿಮ್ಮ ಪ್ರಶ್ನೆಗೆ ಇದು ನನ್ನ ಮೊದಲ ಉತ್ತರ. ಇಷ್ಟಪಡೋಕೆ ಓನರ್ ಆಗಬೇಕಿಲ್ಲ.

ಈ ಕಾರುಗಳ ನಿಜವಾದ ಊರು ಡೆಟ್ರಾಯ್ಟ್. ನನ್ನ ಅತ್ತೆ ಮಗ ಅಲ್ಲೇ ಹತ್ತಿರ ಒಂದು ಆಟೋ ಕಂಪನಿಯಲ್ಲಿ ಕೆಲಸ ಮಾಡ್ತಾನೆ. ಆಗಸ್ಟ್ ತಿಂಗಳ ಮೂರನೇ ಶನಿವಾರ ಅಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್ ನಡೆಯುತ್ತೆ. 1995ರಲ್ಲಿ ಫರ್ನ್‌ಡೇಲ್ ಅನ್ನೋ ಪುಟ್ಟ ಊರಿನವರು ಒಂದು ಸಾಕರ್ ಮೈದಾನಕ್ಕೆ ದುಡ್ಡು ಕೂಡಿಸೋಕೆ ಅಂತ ಶುರು ಮಾಡಿದ್ದು. ಅಂದುಕೊಂಡದ್ದಕ್ಕಿಂತ ಎಷ್ಟೋ ಪಟ್ಟು ಜನ ಬಂದರು, ಸುಮಾರು ಎರಡೂವರೆ ಲಕ್ಷ. ಈಗ ಹತ್ತು ಲಕ್ಷದ ಹತ್ತಿರ ಜನ, ಹತ್ತಾರು ಸಾವಿರ ಕಾರು ಸೇರುತ್ತವೆ. ಅವನು ಅಲ್ಲಿಂದ ವಿಡಿಯೋ ಕಾಲ್ ಮಾಡಿದಾಗ ನಮ್ಮ ರೂಮಲ್ಲಿ ಆರೂ ಜನ ಫೋನಿಗೆ ಮುತ್ತಿಕೊಂಡಿದ್ವಿ. ನಾವು ಅಂದುಕೊಂಡಿದ್ದು ಹೊಗೆ, ಧೂಳು, ರೇಸು. ಅವನು ತೋರಿಸಿದ್ದು ಸಿಲ್ಕ್ ಬೋರ್ಡ್ ಟ್ರಾಫಿಕ್! ಎಲ್ಲ ಆಮೆ ಥರ ಹೋಗ್ತಾ ಇದ್ವು. ರಸ್ತೆ ಪಕ್ಕ ಮಡಚೋ ಕುರ್ಚಿ ಹಾಕ್ಕೊಂಡು ಅಜ್ಜ ಅಜ್ಜಿ ಮೊಮ್ಮಕ್ಕಳು ಕೂತಿದ್ರು. ಒಬ್ಬ ಹಿರಿಯರು ತಮ್ಮ ಚಾಲೆಂಜರ್‌ನ ಬಾನೆಟ್ ಎತ್ತಿ, ಯಾರು ಏನು ಅಂತ ಕೂಡ ಕೇಳದೆ, ನನ್ನ ಅತ್ತೆ ಮಗನಿಗೆ ಸೂಪರ್‌ಚಾರ್ಜರ್ ತೋರಿಸ್ತಾ ಇದ್ರು. ಫೋನಲ್ಲಿ ನಾವಿರೋದು ಗೊತ್ತಾದ ಮೇಲೆ ನಮಗೂ ತೋರಿಸಿದ್ರು. ಆಮೇಲೆ ಎರಡು ಕೀ ಎತ್ತಿ ಹಿಡಿದರು, ಒಂದು ಕೆಂಪು, ಒಂದು ಕಪ್ಪು. ಹೆಲ್‌ಕ್ಯಾಟ್ ಕೆಂಪು ಕೀ ಹಾಕಿದ್ರೆ ಪೂರ್ತಿ 707 ಕೊಡುತ್ತೆ, ಕಪ್ಪು ಕೀ ಹಾಕಿದ್ರೆ 500ಕ್ಕೆ ನಿಲ್ಲುತ್ತೆ. "ಇಲ್ಲಿಗೆ ಬರುವಾಗ ಕಪ್ಪು ಕೀ" ಅಂದ್ರು. ಕೆಂಪು ಕೀ ಎಲ್ಲಿಗೆ ಅಂತ ಕೇಳಿದ್ವಿ. "ಸ್ಟ್ರಿಪ್‌ಗೆ ಮಾತ್ರ."

ಆ ಮಾತು ಆಗ ನಮಗೆ ಅಷ್ಟು ತಟ್ಟಲಿಲ್ಲ. ಕೆಂಪು ಕೀ ಮಾತ್ರ ತಟ್ಟಿತ್ತು.

ಆ ವುಡ್‌ವರ್ಡ್ ರಸ್ತೆ ಮುಂಚೆ ಇಷ್ಟು ಸಾಧು ಆಗಿರಲಿಲ್ಲ. ಅರವತ್ತರ ದಶಕದಲ್ಲಿ ರಾತ್ರಿ ಹೊತ್ತು ಸಿಗ್ನಲ್‌ನಿಂದ ಸಿಗ್ನಲ್‌ಗೆ ರೇಸ್ ಕಟ್ಟುತ್ತಿದ್ದರು. ಕಾರು ಮಾಡುವ ಕಂಪನಿಯವರೇ ಬಂದು ಓಡಿಸ್ತಿದ್ರು. ಇದು ಅಮೆರಿಕದ ಹಳೇ ಕಾಯಿಲೆ. ಇದಕ್ಕೆ ಮದ್ದು ಹುಡುಕಿದ್ದು ಪೊಲೀಸರು ಮಾತ್ರ ಅಲ್ಲ, ಹುಚ್ಚರೇ ಸೇರಿ ಹುಡುಕಿದರು. 1951ರಲ್ಲಿ ವಾಲಿ ಪಾರ್ಕ್ಸ್ ಕ್ಯಾಲಿಫೋರ್ನಿಯಾದಲ್ಲಿ ಎನ್‌ಎಚ್‌ಆರ್‌ಎ, ಅಂದ್ರೆ ರಾಷ್ಟ್ರೀಯ ಹಾಟ್ ರಾಡ್ ಸಂಘ ಕಟ್ಟಿದ್ದೇ ರಸ್ತೆ ರೇಸನ್ನ ರಸ್ತೆಯಿಂದ ಎತ್ತಿ ಸ್ಟ್ರಿಪ್‌ಗೆ ತರೋಕೆ. ಇವತ್ತು ಅಲ್ಲಿ ಎಷ್ಟೋ ಊರಲ್ಲಿ ಯಾರು ಬೇಕಾದ್ರೂ ತಮ್ಮ ಕಾರು ತಂದು ಓಡಿಸೋ ರಾತ್ರಿಗಳಿವೆ. ಮೊದಲು ತಪಾಸಣೆ. ಹೆಲ್ಮೆಟ್ ಇದೆಯಾ, ಎಣ್ಣೆ ಸೋರ್ತಿದೆಯಾ, ಸೀಟ್ ಬೆಲ್ಟ್ ಸರಿ ಇದೆಯಾ. ಆಮೇಲೆ ಕಾಲು ಮೈಲಿ, ಅಂದ್ರೆ 402 ಮೀಟರ್. ಕೊನೇಲಿ ಕೈಗೆ ಒಂದು ಚೀಟಿ. ಹಸಿರು ದೀಪಕ್ಕೆ ಎಷ್ಟು ಹೊತ್ತಲ್ಲಿ ಹೊರಟೆ, ಮೊದಲ 60 ಅಡಿ ಎಷ್ಟು ಸೆಕೆಂಡು, ಕೊನೆಗೆ ಎಷ್ಟು ವೇಗ, ಎಲ್ಲ ಅದರಲ್ಲಿ. ಅಲ್ಲಿ ಬಾಯಿ ಬಡಾಯಿ ನಡೆಯಲ್ಲ, ಚೀಟಿ ತೋರಿಸು ಅಂತಾರೆ.

2018ರ ಡೀಮನ್ ಈ ಕಾಲು ಮೈಲಿಯನ್ನ 9.65 ಸೆಕೆಂಡಲ್ಲಿ ಮುಗಿಸ್ತು. ಆಗಿನ ನಿಯಮದ ಪ್ರಕಾರ 10 ಸೆಕೆಂಡಿಗಿಂತ ಬೇಗ ಹೋಗೋ ಕಾರಿಗೆ ರೋಲ್ ಕೇಜ್ ಬೇಕು. ಶೋರೂಮ್‌ನಿಂದ ಬಂದ ಡೀಮನ್‌ನಲ್ಲಿ ಅದಿಲ್ಲ, ಹಾಗಾಗಿ ಎನ್‌ಎಚ್‌ಆರ್‌ಎ ಸ್ಪರ್ಧೆಗೆ ಬಿಡಲ್ಲ ಅಂತು. ಕಂಪನಿ ಆ ಪತ್ರವನ್ನೇ ಜಾಹೀರಾತು ಮಾಡಿಕೊಂಡಿತು! ನಾವೂ ಚಪ್ಪಾಳೆ ಹೊಡೆದ್ವಿ, "ಬ್ಯಾನ್ ಆಗೋವಷ್ಟು ಫಾಸ್ಟ್" ಅಂತ. ಈಗ ಯೋಚಿಸಿದ್ರೆ ಆ ಕಥೆಯಲ್ಲಿ ನಿಜವಾದ ಹೀರೋ ಕೇಜ್ ಎಲ್ಲಿ ಅಂತ ಕೇಳಿದವನು.

ಇನ್ನೊಂದು ಮುಖಾನೂ ಹೇಳ್ಬೇಕು. ನೀವು ರೀಲ್ಸ್ ನೋಡೋರಾದ್ರೆ ಆ ಜೋಕ್ ಗೊತ್ತಿರುತ್ತೆ. ಕಾರ್ ಮೀಟ್ ಮುಗಿದು ಎಲ್ಲರೂ ಹೊರಡುವಾಗ ಮಸ್ಟ್ಯಾಂಗ್‌ನವನು ಸ್ಟೈಲ್ ಹೊಡೆಯೋಕೆ ಹೋಗಿ, ಹಿಂದಿನ ಚಕ್ರ ಜಾರಿ, ಫುಟ್‌ಪಾತ್‌ಗೆ ನುಗ್ಗೋದು. ಅದರ ಮೇಲೆ ಸಾವಿರಾರು ಮೀಮ್. ನಾನೂ ಒಂದು ಮಾಡಿದ್ದೆ, ಒಳ್ಳೇ ಲೈಕ್ಸ್ ಬಂದಿತ್ತು. ಹಾಗೇ ಅಮೆರಿಕದ ಊರುಗಳಲ್ಲಿ ಮಧ್ಯರಾತ್ರಿ ಸರ್ಕಲ್ ಅಡ್ಡಗಟ್ಟಿ, ನಡುವೆ ಚಾರ್ಜರ್, ಕಮಾರೊಗಳನ್ನ ಗಿರಗಿರ ತಿರುಗಿಸೋ "ಟೇಕ್‌ಓವರ್" ವಿಡಿಯೋಗಳು. ಸುತ್ತ ನಿಂತವರು ಫೋನ್ ಹಿಡಿದು ಬಂಪರ್‌ಗೆ ಕೈ ತಾಗೋವಷ್ಟು ಹತ್ತಿರ. ಆ ವಿಡಿಯೋಗಳಲ್ಲಿ ಗಮನಿಸಿ, ಗುಂಪು ಇಲ್ಲದಿದ್ರೆ ಆ ಡ್ರೈವರ್ ಒಂದು ಸುತ್ತೂ ಹೊಡೆಯಲ್ಲ. ಖಾಲಿ ಸರ್ಕಲ್‌ನಲ್ಲಿ ಒಬ್ಬನೇ ಟೈರ್ ಸುಡೋಕೆ ಯಾರಿಗೆ ಮನಸ್ಸು ಬರುತ್ತೆ? ಟೈರಿನ ರೇಟ್ ಗೊತ್ತಲ್ವಾ.

ಈಗ ಹೋದ ವರ್ಷದ ವಿಷಯ. ಫೆಸ್ಟ್ ಹಿಂದಿನ ರಾತ್ರಿ ಹಾಸ್ಟೆಲ್ ಹಿಂದಿನ ರಸ್ತೆ. ಕಾರಲ್ಲ, ಬೈಕ್. ನಮ್ಮ ಬ್ಯಾಚಿನವನೇ, ಹೆಸರು ಬೇಡ. ಒಳ್ಳೇ ಹುಡುಗ, ಒಳ್ಳೇ ರೈಡರ್ ಕೂಡ. ವೀಲಿ ಹೊಡೆದ, ಸುತ್ತ ಮೂವತ್ತು ಜನ ಕಿರುಚಿದ್ವಿ. ಎರಡನೇ ಸಲ ಹೊಡೆದ. ಸಾಕು ಅಂತ ಬೈಕ್ ನಿಲ್ಲಿಸೋಕೆ ಹೊರಟಿದ್ದ. ಮೂರನೇ ಸಲ ಬಿದ್ದ. ಕಾಲರ್ ಬೋನ್ ಮುರೀತು, ಆಪರೇಷನ್ ಆಯ್ತು, ಎರಡು ಇಂಟರ್ನಲ್ಸ್ ಹೋಯ್ತು. ಜೀವಕ್ಕೇನೂ ಆಗಲಿಲ್ಲ, ಪುಣ್ಯ.

ಮಾರನೇ ದಿನ ಅವರಪ್ಪ ರಾತ್ರಿ ಬಸ್ಸಲ್ಲಿ ಊರಿಂದ ಬಂದ್ರು. ಬೈಯಲಿಲ್ಲ. ಆಸ್ಪತ್ರೆ ಕಾರಿಡಾರ್‌ನಲ್ಲಿ ನಮ್ಮನ್ನ ನೋಡಿ ಒಂದೇ ಮಾತು ಕೇಳಿದ್ರು, "ನೀವೆಲ್ಲ ಅಲ್ಲೇ ಇದ್ರಾ?"

ಹೌದು ಅಂದ್ವಿ. ಅವರು ಬೇರೇನೂ ಕೇಳಲಿಲ್ಲ.

ಆ ವಿಡಿಯೋ ನನ್ನ ಫೋನಲ್ಲೂ ಇತ್ತು. ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ನೋಡಿದೆ. ಎರಡನೇ ವೀಲಿ ಆದ ಮೇಲೆ, ಅವನು ಸೈಡ್ ಸ್ಟ್ಯಾಂಡ್ ಹಾಕೋಕೆ ಕಾಲು ಚಾಚುವಾಗ, ಫೋನ್‌ಗೆ ತೀರಾ ಹತ್ತಿರದಿಂದ ಒಂದು ದನಿ ಕೇಳುತ್ತೆ, "ಇನ್ನೊಂದ್ಸಲ ಮಗಾ!" ಅದು ನನ್ನದು.

ಆ ವಿಡಿಯೋ ಡಿಲೀಟ್ ಮಾಡಿಲ್ಲ. ಮಸ್ಟ್ಯಾಂಗ್ ಮೀಮ್ ಮಾತ್ರ ಡಿಲೀಟ್ ಮಾಡಿದೆ. ಆ ಫುಟ್‌ಪಾತ್ ಮೇಲೆ ನಿಂತಿದ್ದವರಿಗೂ ಅಪ್ಪ ಇರ್ತಾರೆ ಅಂತ ಅಲ್ಲಿವರೆಗೆ ನಾನು ಯೋಚನೆ ಮಾಡಿರಲಿಲ್ಲ.

"ಹಾಗಾದ್ರೆ ಇದೆಲ್ಲ ಬಿಟ್ಟುಬಿಡು, ಅಪಾಯ" ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಬೈದರೆ ಹುಚ್ಚು ಹೋಗಲ್ಲ, ಹಿಂದಿನ ರಸ್ತೆಗೆ ಹೋಗುತ್ತೆ ಅಷ್ಟೇ. ಗುಂಪು ಏನಕ್ಕೆ ಚಪ್ಪಾಳೆ ಹೊಡೆಯುತ್ತೋ ಓಡಿಸೋನು ಅದನ್ನೇ ಮಾಡ್ತಾನೆ. ಹೊಗೆಗೆ ಹೊಡೆದ್ರೆ ಹೊಗೆ ಮಾಡ್ತಾನೆ, ಚೀಟಿಗೆ ಹೊಡೆದ್ರೆ ಅರ್ಧ ಸೆಕೆಂಡ್ ಕಮ್ಮಿ ಮಾಡೋಕೆ ವರ್ಷ ಪೂರ್ತಿ ಗ್ಯಾರೇಜಲ್ಲಿ ಕೂರ್ತಾನೆ. ವುಡ್‌ವರ್ಡ್‌ನಲ್ಲೇ ಇದಕ್ಕೆ ಸಾಕ್ಷಿ ಇದೆ. ಮುಂಚೆ ಕದ್ದು ಮುಚ್ಚಿ ರೇಸ್ ನಡೀತಿದ್ದ ಅದೇ ರಸ್ತೆಯ ಒಂದು ತುಂಡನ್ನ ಪಾಂಟಿಯಾಕ್ ಊರಲ್ಲಿ ಅನುಮತಿ ತಗೊಂಡು ಮುಚ್ಚಿ, ಎರಡೂ ಬದಿ ಕಾಂಕ್ರೀಟ್ ಗೋಡೆ ಇಟ್ಟು, "ರೋಡ್‌ಕಿಲ್ ನೈಟ್ಸ್" ಹೆಸರಲ್ಲಿ ರಾಜಾರೋಷವಾಗಿ ಡ್ರ್ಯಾಗ್ ರೇಸ್ ಮಾಡಿದ್ದಾರೆ. ಅದೇ ಡಾಂಬರು, ಅದೇ ಥರದ ಕಾರು, ಬದಲಾಗಿದ್ದು ಜನ ಎಲ್ಲಿ ನಿಂತರು ಅನ್ನೋದು.

ಕಂಪನಿಯ ಒಳಗಿನವರಿಗೂ ಈ ಬುದ್ಧಿ ಬಂದಿದ್ದುಂಟು. ಫೋರ್ಡಿನ ಒಬ್ಬ ಹಿರಿಯ ಎಂಜಿನಿಯರ್ ಡೆಟ್ರಾಯ್ಟ್ ಹತ್ತಿರದ ತಮ್ಮ ಮನೆಯಲ್ಲಿ ಶೆಲ್ಬಿ ಜಿಟಿ350 ಸ್ಟಾರ್ಟ್ ಮಾಡಿದ ಸದ್ದಿಗೆ ಪಕ್ಕದ ಮನೆಯವರು ಪೊಲೀಸರನ್ನ ಕರೆದಿದ್ದರಂತೆ. ಅಲ್ಲಿಂದ ಹುಟ್ಟಿದ್ದು 2018ರ ಮಸ್ಟ್ಯಾಂಗ್‌ನ "ಗುಡ್ ನೇಬರ್ ಮೋಡ್". ರಾತ್ರಿ ಇಷ್ಟು ಗಂಟೆಯಿಂದ ಬೆಳಿಗ್ಗೆ ಇಷ್ಟು ಗಂಟೆವರೆಗೆ ಮೆಲ್ಲಗೆ ಸ್ಟಾರ್ಟ್ ಆಗು ಅಂತ ಕಾರಿಗೆ ಮೊದಲೇ ಹೇಳಿಡಬಹುದು. ಎಕ್ಸಾಸ್ಟ್‌ನ ವಾಲ್ವ್ ಮುಚ್ಚಿಕೊಂಡು ಸದ್ದು 82 ಡೆಸಿಬಲ್‌ನಿಂದ 72ಕ್ಕೆ ಇಳಿಯುತ್ತೆ. ನಮ್ಮ ಹಾಸ್ಟೆಲ್ ಮುಂದೆ ರಾತ್ರಿ ಎರಡು ಗಂಟೆಗೆ ಸೈಲೆನ್ಸರ್ ಕಿತ್ತ ಬೈಕ್ ಓಡಿಸೋ ಮಹಾನುಭಾವರು ದಯವಿಟ್ಟು ಗಮನಿಸಿ.

ಪರಿಸರದ ಪ್ರಶ್ನೆ ಬಂದೇ ಬರುತ್ತೆ. ಇವು ಪೆಟ್ರೋಲ್ ಕುಡಿಯೋ ರಾಕ್ಷಸರು, ಸುಳ್ಳು ಹೇಳಲ್ಲ. ದಿನಾ ಆಫೀಸಿಗೆ ಓಡಿಸೋಕೆ 700 ಹಾರ್ಸ್‌ಪವರ್ ಬೇಕು ಅಂತ ನಾನು ವಾದ ಮಾಡೋದೂ ಇಲ್ಲ. ಹೇಗಿದ್ರೂ ಆ ಕಾಲ ಮುಗೀತಾ ಬಂತು. 2023ರ ಡಿಸೆಂಬರ್‌ನಲ್ಲಿ ಕೊನೆಯ ಚಾಲೆಂಜರ್ ಕೆನಡಾದ ಬ್ರಾಂಪ್ಟನ್‌ನಲ್ಲಿ, ಕೊನೆಯ ಕಮಾರೊ ಮಿಷಿಗನ್‌ನ ಲ್ಯಾನ್ಸಿಂಗ್‌ನಲ್ಲಿ ಕಾರ್ಖಾನೆಯಿಂದ ಹೊರಬಂತು. ಮಸ್ಟ್ಯಾಂಗ್ ಮಾತ್ರ ವಿ8 ಬಿಡದೆ ನಿಂತಿದೆ. ಡಾಜ್ ಈಗ ಎಲೆಕ್ಟ್ರಿಕ್ ಚಾರ್ಜರ್ ತಂದು, ಸ್ಪೀಕರ್‌ನಿಂದ ಎಕ್ಸಾಸ್ಟ್ ಸದ್ದು ಮಾಡಿಸುತ್ತೆ. ನಮ್ಮ ಗುಂಪಲ್ಲಿ ಇದರ ಬಗ್ಗೆ ಮೂರು-ಮೂರು. ನನಗೆ ಆ ನಕಲಿ ಗುಡುಗು ಇಷ್ಟ ಇಲ್ಲ. ಆದರೆ ಅಕಸ್ಮಾತ್ ಒಂದು ದಿನ ವಿ8 ಪೂರ್ತಿ ನಿಂತು ಹೋದ್ರೂ, ಬಾನೆಟ್ ಎತ್ತಿ ಗುರುತಿಲ್ಲದ ಹುಡುಗನಿಗೆ ತೋರಿಸೋ ಆ ಹಿರಿಯರ ಗುಣ ಉಳಿದ್ರೆ ನನಗೆ ಸಾಕು. ಬ್ಯಾಟರಿ ಮೇಲೂ ಎರಡು ರಾತ್ರಿ ಜಗಳ ಆಡಬಹುದು.

ನಮ್ಮ ಕ್ಯಾಂಪಸ್‌ಗೆ ಇದರಿಂದ ಏನು? ದೊಡ್ಡ ಯೋಜನೆ ಏನಿಲ್ಲ. ವೇಗದ ಹುಚ್ಚು ಇರೋರಿಗೆ ನಮ್ಮಲ್ಲೂ ಸರಿಯಾದ ದಾರಿ ಇದೆ. ವಿದ್ಯಾರ್ಥಿಗಳೇ ಕಾರು ಕಟ್ಟಿ ಓಡಿಸೋ ಫಾರ್ಮುಲಾ ಭಾರತ್ ಕೊಯಮತ್ತೂರಿನ ಕಾರಿ ಟ್ರ್ಯಾಕ್‌ನಲ್ಲಿ ನಡೆದಿದೆ, ಬಾಹಾ ಇದೆ. ಅಲ್ಲೂ ಟ್ರ್ಯಾಕ್‌ಗೆ ಇಳಿಯೋಕೆ ಮುಂಚೆ ತಪಾಸಣೆ ಪಾಸಾಗಬೇಕು. ಅಲ್ಲಿ ಚಪ್ಪಾಳೆ ಹೊಡೆಯೋಣ. ಕಾರ್ ಮೀಟ್‌ಗೆ ಹೋದ್ರೆ "ರೆವ್ ಮಾಡಿ ಅಣ್ಣ" ಅಂತ ಕೂಗೋ ಬದಲು "ಬಾನೆಟ್ ತೆಗೀತೀರಾ ಅಣ್ಣ" ಅಂತ ಕೇಳೋಣ. ಯಾರಾದ್ರೂ ರಸ್ತೆಯಲ್ಲಿ ಶೋ ಕೊಡ್ತಿದ್ರೆ ಫೋನ್ ಜೇಬಲ್ಲಿಟ್ಟು ಹೊರಟುಬಿಡೋಣ. ಮೂವತ್ತು ಜನ ಹೊರಟರೆ ಅವನೂ ಹೊರಡ್ತಾನೆ. ಆ ರಾತ್ರಿ ನಾನೊಬ್ಬ ಹೊರಟಿದ್ರೂ ಒಂದು ದನಿ ಕಮ್ಮಿ ಇರ್ತಿತ್ತು.

ಅವನು ಈಗ ಹುಷಾರಾಗಿದ್ದಾನೆ. ಬಲಗೈ ಪೂರ್ತಿ ಮೇಲೆತ್ತೋಕೆ ಇನ್ನೂ ಕಷ್ಟ. ಈ ಸೆಮಿಸ್ಟರ್‌ನಿಂದ ನಮ್ಮ ರೂಮಿಗೆ ಬರ್ತಾನೆ, ಆರು ಇದ್ದ ತಲೆ ಈಗ ಏಳು. ಹೋದ ವಾರ ಕ್ರ್ಯಾಂಕ್ ಲೆಕ್ಕ ಅವನಿಗೆ ನಾನೇ ಹೇಳಿಕೊಟ್ಟೆ. ಎಲ್ಲ ಕೇಳಿಸಿಕೊಂಡು, "ಫೈರಿಂಗ್ ಆರ್ಡರ್ ತಪ್ಪು ಬರೆದಿದ್ದೀಯ" ಅಂದ. ನೋಡಿದ್ರೆ ಹೌದು, ತಪ್ಪಿತ್ತು.